ಬಾರಿಸದ ಗತ್ತು

ಮೈತ್ರಿಗೆ ಮೂವತ್ತೊಂದು ವರ್ಷ ತುಂಬುವ ಹೊತ್ತಿಗೆ, ಅದರಲ್ಲಿ ಆರು ವರ್ಷಗಳು ಒಂದು ಟೆಂಪೊದ ಹಿಂಭಾಗದಲ್ಲಿ, ಡ್ರಮ್ಮುಗಳನ್ನು ತುಂಬಿದ ಚೀಲಗಳಿಗೆ ಒರಗಿಕೊಂಡೇ ಕಳೆದುಹೋಗಿದ್ದವು. ಸೊಲ್ಲಾಪುರ, ಪುಣೆ, ಹೈದರಾಬಾದ್, ಹುಬ್ಬಳ್ಳಿ, ಬೆಂಗಳೂರು, ಯಾವ ಊರಿನಲ್ಲಿಯೂ ಅವಳ ತಂಡಕ್ಕೆ ಸಭಾಭವನದ ಬಾಗಿಲು ತೆರೆದುದಿಲ್ಲ. ಮುಚ್ಚಿದ ಗ್ಯಾರೇಜು, ಅಂಗಡಿಗಳ ಕೆಳಗಿನ ನೆಲಮಾಳಿಗೆ, ಬಾಡಿಗೆಗೆ ಹೋಗದ ಗೋದಾಮು, ಇವೇ ಅವರ ರಂಗಸ್ಥಳಗಳು. ಪಂಕ್ ಎಂದು ಕರೆಯಲ್ಪಡುವ ಆ ಸಂಗೀತಕ್ಕೆ ಆಲಾಪನೆಯ ವ್ಯವಧಾನವಿಲ್ಲ, ಆಸ್ಥಾನದ ಮನ್ನಣೆಯೂ ಬೇಕಿಲ್ಲ. ಮೂರು ಸ್ವರ, ಎರಡು ನಿಮಿಷ, ಗಂಟಲು ಹರಿಯುವಂಥ ಕೂಗು, ಆ ಕೂಗಿನ ಅಡಿಯಲ್ಲಿ ಏದುಸಿರು ಬಿಡುತ್ತ ಓಡುವ ಡ್ರಮ್ಮು. ಅದರ ಸರ್ವಸ್ವವೂ ಅಷ್ಟೇ. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಐವತ್ತೋ ಅರವತ್ತೋ ಜನ ಸೇರುತ್ತಾರೆ, ಕುಣಿಯುತ್ತಾರೆ, ಬೆವರುತ್ತಾರೆ, ಕರಗಿಹೋಗುತ್ತಾರೆ. ಮರುದಿನ ಟೆಂಪೊ ಇನ್ನೊಂದು ಊರಿನ ದಾರಿ ಹಿಡಿಯುತ್ತದೆ.

ತಂಡದಲ್ಲಿ ಇದ್ದವರು ಮೂವರು. ಹಾಡುವವನೂ ಗಿಟಾರು ಹಿಡಿಯುವವನೂ ಮೆಹಬೂಬ. ಕಲಬುರಗಿಯ ದರ್ಜಿಯೊಬ್ಬರ ಮಗ, ಮಾತಿಗಿಂತ ಮೊದಲು ನಗುವವನು. ಬೇಸ್ ಗಿಟಾರು ನುಡಿಸುವವನೂ ಗಾಡಿ ಓಡಿಸುವವನೂ ಅಮರನಾಥ. ಅವನು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಡ್ರಮ್ಮು ಮೈತ್ರಿಯದು. ತಂಡಕ್ಕೆ ತೊಗರಿಕಟ್ಟಿಗಿ ಎಂದು ಹೆಸರಿಟ್ಟವಳೂ ಅವಳೇ. ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಆ ಒಣಕಡ್ಡಿಗೆ ಕಿಡಿ ಸೋಕಿದರೆ ಸಾಕು, ಭುಗ್ಗೆಂದು ಹೊತ್ತಿ ಕ್ಷಣದಲ್ಲಿ ಬೂದಿಯಾಗುತ್ತದೆ. ತಮ್ಮ ಹಾಡಿನ ಆಯುಷ್ಯವೂ ಅಷ್ಟೇ ಎಂಬುದು ಅವಳ ಎಣಿಕೆ.

ಅವರು ಧ್ವನಿಮುದ್ರಿಸಿದ ಒಂಬತ್ತು ಹಾಡುಗಳಲ್ಲಿ ಏಳನೆಯದಕ್ಕೆ ಮಾತಿಲ್ಲ, ಹೆಸರೂ ಇಲ್ಲ. ಕೇಳುಗರು ಅದನ್ನು ‘ಏಳನೇದು’ ಎಂದೇ ಕೂಗಿ ಬೇಡುತ್ತಿದ್ದರು. ತಂಡಕ್ಕೆ ಹೆಸರು ತಂದುದೂ ಅದೇ. ಅದರಲ್ಲಿ ಡ್ರಮ್ಮೊಂದೇ ಮೊದಲಾಗುತ್ತದೆ: ಭಾರವಾದ ಎರಡು ಪೆಟ್ಟು, ತುಸು ತಡೆ, ಹಗುರವಾದ ಮೂರು ಪೆಟ್ಟು, ಬಳಿಕ ದೀರ್ಘವಾದೊಂದು ಮೌನ. ಈ ಗತ್ತನ್ನು ಮೈತ್ರಿ ಯಾರಿಂದಲೂ ಕಲಿತದ್ದಲ್ಲ, ಯೋಚಿಸಿ ಕಟ್ಟಿದ್ದೂ ಅಲ್ಲ. ಮೊದಲ ಬಾರಿ ಡ್ರಮ್ಮಿನ ಮುಂದೆ ಕುಳಿತ ದಿನ ಕೈಗಳು ತಾವಾಗಿಯೇ ಅದನ್ನು ನುಡಿಸಿದ್ದವು. ಅಂದಿನಿಂದ, ಅದನ್ನು ಬಾರಿಸುವಾಗಲೆಲ್ಲ ಅವಳ ಬೆನ್ನಿನಲ್ಲಿ, ಎರಡು ಹೆಗಲೆಲುಬುಗಳ ನಡುವೆ, ಅಂಗೈಯಗಲದ ಜಾಗವೊಂದು ತಣ್ಣಗಾಗುತ್ತಿತ್ತು. ಪುಣೆಯ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಒಮ್ಮೆ ಹಾಡು ಮುಗಿದೊಡನೆ ಅವಳು ಕೇಳಿದ್ದಳು:

“ಅಮರ್, ನನ್ನ ಹಿಂದ ಫ್ಯಾನ್ ಹಚ್ಚೀಯೇನೋ?”

“ಹಿಂದ ಗ್ವಾಡಿ ಅದ,” ಎಂದಿದ್ದ ಅಮರನಾಥ.

ಅವಳ ತಂದೆ ಸೂರ್ಯಕಾಂತ ಮಗಳ ಸಂಗೀತವನ್ನು ಒಮ್ಮೆಯೂ ಕೇಳಿದವರಲ್ಲ. ಬಸ್ ಕಂಡಕ್ಟರರಾಗಿ ಆಳಂದ, ಅಫಜಲಪುರಗಳ ನಡುವೆ ಮೂವತ್ತು ವರ್ಷ ತಿರುಗಿ ನಿವೃತ್ತರಾದ ಅವರು ನರೋಣಾದಲ್ಲಿ ತಮ್ಮ ತಾಯಿ ಮಲ್ಕಮ್ಮನವರೊಡನೆ ಇದ್ದರು. ಮಗಳು ಡ್ರಮ್ಮು ಕೊಂಡುಕೊಂಡ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಇದಕ್ಕ ಏನ್ ಬಿಗದಾರ? ಚರ್ಮೇನು?”

“ಇಲ್ಲಪ್ಪಾ, ಪ್ಲಾಸ್ಟಿಕ್.”

“ಖರೇನಾ?” ಎಂದು ಉಗುರಿನಿಂದ ಮೀಟಿ ನೋಡಿ, “ಹಂಗಾದ್ರ ಇಟಗೊ,” ಎಂದಿದ್ದರು.

ಆ ಪ್ರಶ್ನೆಯ ಹಿಂದಿನ ಕಥೆ ಮೈತ್ರಿಗೆ ಗೊತ್ತಿದ್ದುದೇ. ಅವಳ ಮುತ್ಯಾ, ಅಂದರೆ ತಂದೆಯ ತಂದೆ ಅಣ್ಣಾರಾಯ, ಅದೇ ತಾಲೂಕಿನ ಒಂದು ಸಣ್ಣ ಊರಿನಲ್ಲಿ ಹೆಣದ ಮುಂದೆ ಚರ್ಮದ ಹಲಗೆ ಬಾರಿಸುತ್ತಿದ್ದವರು. ಸತ್ತವರು ದೊಡ್ಡ ಮನೆಯವರಾದರೆ ಕರೆಯುವ ಪದ್ಧತಿಯೂ ಇರಲಿಲ್ಲ; ಆಳು ಬಂದು ಓಣಿಯ ಬಾಯಲ್ಲಿ ಕೆಮ್ಮಿದರೆ ಹೋಗತಕ್ಕದ್ದು. ಸೂರ್ಯಕಾಂತರಿಗೆ ಹದಿನೆಂಟು ತುಂಬಿದ ವರ್ಷ ಓಣಿಯ ಅರವತ್ತು ಮನೆಗಳೂ ಬೌದ್ಧ ದೀಕ್ಷೆ ಪಡೆದವು. ಅಂದೇ ಎಲ್ಲ ಹಲಗೆಗಳನ್ನು ಗುಡ್ಡೆ ಹಾಕಿ ಸುಟ್ಟು, ಈ ಮನೆಗಳ ಕೈಯಿಂದ ಇನ್ನೆಂದೂ ಆ ನಾದ ಹೊರಡಕೂಡದೆಂದು ಪ್ರತಿಜ್ಞೆ ಮಾಡಿದರು. ಅದರ ಬೆಲೆಯನ್ನೂ ತೆತ್ತರು. ಹಿಟ್ಟಿನ ಗಿರಣಿ ಅವರ ಜೋಳವನ್ನು ಬೀಸಲಿಲ್ಲ, ಹೊಲಗಳು ಅವರನ್ನು ಕೂಲಿಗೆ ಕರೆಯಲಿಲ್ಲ. ಒಂದು ಸುಗ್ಗಿಯಿಂದ ಮರುಸುಗ್ಗಿಯವರೆಗೆ ಅರೆಹೊಟ್ಟೆಯಲ್ಲಿದ್ದು ಕೊನೆಗೆ ಹಲವರು ಊರು ಬಿಟ್ಟರು. ಆ ಹಲವರಲ್ಲಿ ಅಣ್ಣಾರಾಯರ ಮನೆಯೂ ಒಂದು. ಮೈತ್ರಿ ಹುಟ್ಟಿದ್ದು ಇದೆಲ್ಲ ಮುಗಿದು ಹನ್ನೆರಡು ವರ್ಷಗಳಾದ ಮೇಲೆ. ಹಲಗೆಯ ಕಥೆಯನ್ನು ಅವಳು ನೂರು ಸಲ ಕೇಳಿದ್ದಳು. ಮುತ್ಯಾನ ಹಲಗೆಯನ್ನು ಒಮ್ಮೆಯೂ ಕೇಳಿರಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ತಂಡ ಮೊದಲ ಸಲ ತನ್ನ ಸೀಮೆಯಲ್ಲಿಯೇ ಸಂಚಾರ ಕೈಗೊಂಡಿತು: ಶುಕ್ರವಾರ ಜೇವರ್ಗಿ, ಶನಿವಾರ ಅಫಜಲಪುರ, ರವಿವಾರ ಆಳಂದ. ಆಳಂದಕ್ಕೆ ತಾನೂ ಬರುವೆನೆಂದು ಸೂರ್ಯಕಾಂತರೇ ಫೋನು ಮಾಡಿ ಹೇಳಿದಾಗ ಮೈತ್ರಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ.

ಜೇವರ್ಗಿಯಲ್ಲಿ ಸಿಕ್ಕಿದ್ದು ನಿಂತುಹೋದ ಬೇಳೆ ಗಿರಣಿಯ ಶೆಡ್ಡು. ಮಧ್ಯಾಹ್ನದ ಬಿಸಿಲು, ಗಾಳಿಗಾಗಿ ಶಟರನ್ನು ಎತ್ತಿದ್ದರು. ಒಳಗೆ ಹುಡುಗರೂ ಹುಡುಗಿಯರೂ ಒಬ್ಬರ ಮೇಲೊಬ್ಬರು ಹಾಯ್ದು ಕುಣಿಯುತ್ತಿದ್ದರು. ಏಳನೆಯ ಹಾಡಿನ ಮೊದಲ ಪೆಟ್ಟುಗಳು ಬಿದ್ದಾಗ ಮೈತ್ರಿಯ ದೃಷ್ಟಿ ಅವರ ತಲೆಗಳ ಮೇಲಿಂದ ರಸ್ತೆಗೆ ಹೋಯಿತು. ಹತ್ತಿಯ ಚೀಲ ಹೇರಿದ್ದ ಮೋಟಾರ್ ಸೈಕಲ್ಲಿನ ಸವಾರ ಗಾಡಿ ನಿಲ್ಲಿಸಿ ಇಳಿದ. ರುಮಾಲಿನ ಮುದುಕರೊಬ್ಬರು ಚಪ್ಪಲಿ ಕಳಚಿ ಬದಿಗೆ ನಿಂತರು. ಇಬ್ಬರು ಹೆಂಗಸರು ಸೆರಗನ್ನು ತಲೆಗೆಳೆದುಕೊಂಡು ಗೋಡೆಗೆ ಸರಿದರು. ನಾಲ್ವರೂ ರಸ್ತೆಯ ಒಂದೇ ದಿಕ್ಕಿಗೆ, ಏನೋ ಬರುವುದನ್ನು ಕಾಯುವವರಂತೆ, ಕಣ್ಣು ನೆಟ್ಟಿದ್ದರು. ಏನೂ ಬರಲಿಲ್ಲ. ಅವಳ ಬೆನ್ನು ಮಾತ್ರ ಹಿಂದೆಂದಿಗಿಂತಲೂ ತಣ್ಣಗಾಯಿತು.

ಹಾಡು ಮುಗಿಸಿ ಅವಳು ನೇರವಾಗಿ ಎದುರಿನ ಚಹಾದ ಗುಡಿಸಲಿಗೆ ಹೋದಳು. ಅಂಗಡಿಯ ಒಡತಿ ಬಾನುಬಿ ಎಪ್ಪತ್ತು ದಾಟಿದವರು. ಚಹಾ ಸೋಸುತ್ತಲೇ ಕೇಳಿದರು:

“ಯಾರ ಮಯ್ಯತ್ ಅದವ್ವಾ ಒಳಗ?”

“ಮಯ್ಯತ್ ಇಲ್ಲರಿ ಅಮ್ಮಾ. ಹಾಡಿನ ಕಾರ್ಯಕ್ರಮ.”

“ನನಗ ಹುಚ್ಚಿ ಮಾಡಬ್ಯಾಡ. ಹೆಣ ಎತ್ತೂವಾಗ ಬಾರಸೂದು ನಾ ಕೇಳಿಲ್ಲೇನು? ನಮ್ಮ ಓಣಿ ಮುಂದೇ ಹಾದು ಹೋಗ್ತಿದ್ದವು. ಮೊದಲಿನ ಎರಡು ಹೆಗಲ ಕೊಡಾಕ. ಆಮ್ಯಾಲಿನ ಮೂರು ಹೆಜ್ಜಿ ಇಡಾಕ. ಆಮ್ಯಾಲ ಸುಮ್ನ, ಹೆಣಾ ಕೆಳಗ ಇಳಸಾಕ. ಈಗಿನವ್ರು ಸಿನೆಮಾದ್ದು ಬಾರಸ್ತಾರ. ಇದು ಭಾಳ ಹಳೇದು.” ಲೋಟವನ್ನು ಮುಂದೆ ನೂಕಿ, ಅವಳ ಮುಖವನ್ನೇ ನೋಡುತ್ತ ಕೇಳಿದರು: “ನೀ ಯಾರ ಮಗಳ ಬೇ?”

ಮೈತ್ರಿ ಚಹಾದ ದುಡ್ಡನ್ನಿಟ್ಟು, ತಂದೆಯ ಹೆಸರು ಹೇಳದೆಯೇ ಎದ್ದಳು.

ಮರುದಿನ ಬೆಳಿಗ್ಗೆ ಸೊನ್ನದ ಬ್ಯಾರೇಜಿನ ಹತ್ತಿರ ಅಮರನಾಥ ಗಾಡಿ ನಿಲ್ಲಿಸಿದಾಗ, ಭೀಮೆಯ ನೀರನ್ನು ನೋಡುತ್ತ ಅವಳು ಹೇಳಿದಳು:

“ಏಳನೇದು ಇನ್ನ ನಾ ಬಾರಸಂಗಿಲ್ಲ.”

“ಯಾಕ್ ಬೇ, ಕೈಗಿ ಮೆಹಂದಿ ಹಚಗೊಂಡಿಯೇನು?” ಎಂದು ಮೆಹಬೂಬ ನಕ್ಕ.

ಬಾನುಬಿ ಹೇಳಿದ್ದನ್ನೂ ಓಣಿಯ ಪ್ರತಿಜ್ಞೆಯನ್ನೂ ಅವಳು ಹೇಳಿದಳು. ಅವನ ಕಣ್ಣುಗಳು ಇನ್ನಷ್ಟು ಹೊಳೆದವು.

“ಹೆಣದ್ದಾ? ಇನ್ನೂ ಚಲೋ ಆತಲ್ಲ! ಯಾರೂ ಕೇಳಬಾರದ್ದನ್ನ ಕೇಳಸೂದೇ ಅಲ್ಲೇನು ನಮ್ಮ ಕೆಲಸ?”

“ಲೇ, ನಿಮ್ಮ ಮನ್ಯಾಗ ಯಾರೂ ಅದರ ಸಲುವಾಗಿ ಉಪಾಸ ಬಿದ್ದಿಲ್ಲ.”

ಮೆಹಬೂಬ ಕಲ್ಲೊಂದನ್ನು ನೀರಿಗೆ ಎಸೆದ. ನಗೆಯಿಲ್ಲದ ದನಿಯಲ್ಲಿ, “ಆಳಂದಕ್ಕ ಬರೋರು ಅದಕ್ಕೇ ಬರ್ತಾರ, ಮೈತ್ರಿ. ಅದಿಲ್ಲಂದ್ರ ನಾವು ಯಾರು?” ಎಂದ.

“ಆಳಂದಕ್ಕ ನಮ್ಮಪ್ಪನೂ ಬರ್ತಾನ,” ಎಂದಳು ಅವಳು. “ಅವನ ಮುಂದ ನಾ ಹೆಂಗ ಬಾರಸ್ಲಿ?”

ಅಫಜಲಪುರದಲ್ಲಿ ಕೇಳುಗರಿಗೆ ಕೈ ನೋವೆಂದು ಸುಳ್ಳು ಹೇಳಿ ಆ ಹಾಡನ್ನು ತಪ್ಪಿಸಿಕೊಂಡಳು. ಆದರೆ ತಪ್ಪಿಸಿಕೊಂಡದ್ದು ಹಾಡನ್ನು ಮಾತ್ರ. ತೊಡೆಯ ಮೇಲಿಟ್ಟ ಬೆರಳುಗಳು ತಮ್ಮಷ್ಟಕ್ಕೆ ಎರಡು ಸಲ ಭಾರವಾಗಿ, ಮೂರು ಸಲ ಹಗುರವಾಗಿ ಅಲುಗುತ್ತಿರುವುದನ್ನು ಬೇರೆಯವರ ಬೆರಳುಗಳನ್ನು ನೋಡುವಂತೆ ನೋಡಿದಳು. ಡ್ರಮ್ಮು ಮುಟ್ಟದಿದ್ದರೂ ಬೆನ್ನಿನ ಆ ಜಾಗ ತಣ್ಣಗಿತ್ತು.

ರವಿವಾರ ಮುಂಜಾನೆ ಅವಳೊಬ್ಬಳೇ ನರೋಣಾದ ಬಸ್ಸು ಹಿಡಿದಳು. ತಂದೆ ಕ್ಷೌರಕ್ಕೆ ಹೋಗಿದ್ದರು. ಅಜ್ಜಿ ಮಲ್ಕಮ್ಮ ಬಾಗಿಲ ಮುಂದಿನ ಕಟ್ಟೆಯಲ್ಲಿ ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದರು. ಮೈತ್ರಿ ಪಕ್ಕದಲ್ಲಿ ಕುಳಿತು ಕಲ್ಲಿನ ಮೇಲೆ ಎರಡು ಬೆರಳಿನಿಂದ ಆ ಗತ್ತನ್ನು ನುಡಿಸಿದಳು. ಮುದುಕಿಯ ಕೈ ಹಾವಿನಂತೆ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು.

“ಯಾರ್ ಹೇಳಿಕೊಟ್ರ ನಿನಗ?”

“ಗೊತ್ತಿಲ್ಲ, ಆಯಿ. ಅದನ್ನೇ ಕೇಳಾಕ ಬಂದೇನಿ.”

ಮಲ್ಕಮ್ಮ ಓಣಿಯ ಎರಡೂ ತುದಿಗಳನ್ನು ನೋಡಿದರು. ಬಳಿಕ ದನಿ ತಗ್ಗಿಸಿ ಹೇಳಿದರು:

“ನೀ ಮೊಲಿ ಬಿಟ್ಟ ಮ್ಯಾಲ ನಿನ್ನ ಮಲಗಸ್ತಿದ್ದಂವ ನಿಮ್ಮ ಮುತ್ಯಾ. ತೊಡಿ ಮ್ಯಾಲ ಬೋರಲ ಹಾಕ್ಕೊಂಡು ಬೆನ್ನ ತಟ್ಟತಿದ್ದ. ಹೆಂಗ ತಟ್ಟತಾನ ಅಂತ ನಾ ಒಬ್ಬಾಕೀನೇ ನೋಡೀನಿ. ನಿಮ್ಮಪ್ಪಗ ಹೇಳ್ಲಿಲ್ಲ.”

“ಯಾಕ ಆಯಿ?”

“ಅಷ್ಟು ವರ್ಷ ಕೈ ಕಟಗೊಂಡು ಕೂತಿದ್ದ ಬೇ. ಒಮ್ಮಿಯೂ ಮಾತು ಮುರೀಲಿಲ್ಲ. ಎಲ್ಲ್ಯರ ಇಳಸಬೇಕಲ್ಲ ಅದನ್ನ? ಕೂಸಿನ ಬೆನ್ನಿಗಿ ಸಪ್ಪಳ ಎಲ್ಲಿ ಬರ್ತದ ಅಂದ್ಕೊಂಡಿರಬೇಕು.” ಕಾಲು ಮಡಚಿಕೊಳ್ಳುತ್ತ, “ಅವ ಹ್ವಾದಾಗ ಮುಂದ ಯಾರೂ ಬಾರಸ್ಲಿಲ್ಲ. ಬುದ್ಧ ವಂದನಾ ಹೇಳಿದ್ರು, ಒಯ್ದ್ರು,” ಎಂದರು. ಮಣಿಕಟ್ಟನ್ನು ಬಿಡುವಾಗ ಮಾತ್ರ ಗಟ್ಟಿಯಾಗಿ ನುಡಿದರು: “ನಿಮ್ಮಪ್ಪನ ಮುಂದ ಬ್ಯಾಡ. ಎದಿ ಒಡಕೊಂತಾನ.”

ಆಳಂದದಲ್ಲಿ ಮಂಗಲ ಕಾರ್ಯಾಲಯವೊಂದರ ಹಿಂದೆ, ಅಡುಗೆಯ ದೊಡ್ಡ ಪಾತ್ರೆಗಳನ್ನಿಡುವ ಕೋಣೆಯಲ್ಲಿ ಸಂಜೆ ನಾಲ್ಕಕ್ಕೆ ಹಾಡು ಮೊದಲಾಯಿತು. ಒಗ್ಗರಣೆಯ ಹಳೆಯ ವಾಸನೆ ಗೋಡೆಗಳಿಗೆ ಹತ್ತಿತ್ತು. ಸೂರ್ಯಕಾಂತ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಬಾಗಿಲ ಪಕ್ಕದ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಇನ್ನೂ ಕರ್ತವ್ಯದ ಮೇಲಿರುವವರಂತೆ ನೆಟ್ಟಗೆ ಕುಳಿತಿದ್ದರು. ಮೊದಲ ಹಾಡಿಗೆ ಕಿವಿಗಳಿಗೆ ಬೆರಳಿಟ್ಟರು. ಮೂರನೆಯದಕ್ಕೆ ಬೆರಳು ತೆಗೆದರು. ಐದನೆಯದರ ನಡುವೆ ಅವರ ತುಟಿಯಂಚಿನಲ್ಲಿ ಸಣ್ಣದೊಂದು ನಗೆಯನ್ನು ಕಂಡ ಮೈತ್ರಿಗೆ ಇಷ್ಟಕ್ಕೇ ಎದ್ದು ಓಡಿಬಿಡಬೇಕೆನಿಸಿತು.

ಕೊನೆಗೆ “ಏಳನೇದು! ಏಳನೇದು!” ಎಂದು ಕೋಣೆ ಮೊರೆಯಿತು.

ಅವಳು ಬಡಿಗೋಲುಗಳನ್ನು ನೆಲಕ್ಕಿಟ್ಟು, ಅಂಗೈಗಳನ್ನು ಮೊಣಕಾಲಿಗೆ ಒತ್ತಿ ಕುಳಿತಳು. ಕೂಗು ಹೆಚ್ಚಿತು. ಆಗ ಮೆಹಬೂಬ, ಅವಳಿಗೆ ಬೆನ್ನು ಮಾಡಿಯೇ, ಗಿಟಾರನ್ನು ಎತ್ತಿ ಹಾಡನ್ನು ಆರಂಭಿಸಿಬಿಟ್ಟ. ಒಮ್ಮೆ ಮೊದಲಾದರೆ ಅವಳ ಕೈ ತಡೆಯಲಾರದೆಂಬ ನೆಚ್ಚಿಕೆ ಅವನದು. ಕೈ ತಡೆಯಿತು.

ಆದರೆ ಅವರಿಬ್ಬರೂ ಎಣಿಸದಿದ್ದ ಸಂಗತಿಯೊಂದಿತ್ತು. ಮೆಹಬೂಬ ಆ ಗಿಟಾರಿನ ನುಡಿಯನ್ನು ಆರು ವರ್ಷಗಳ ಹಿಂದೆ ಕಟ್ಟಿದ್ದು ಅವಳ ಪೆಟ್ಟುಗಳ ನಡುನಡುವಿನ ತೆರಪುಗಳಲ್ಲಿ. ಪೆಟ್ಟು ಬೀಳುವಲ್ಲೆಲ್ಲ, ಕೊನೆಯ ಆ ದೀರ್ಘ ಮೌನದಲ್ಲಿಯೂ, ತಂತಿ ಸುಮ್ಮನಿರುತ್ತಿತ್ತು. ಈಗ ಡ್ರಮ್ಮು ಇಲ್ಲದಾಗ ಆ ಸುಮ್ಮನಿರುವಿಕೆಗಳೇ ಒಂದೊಂದಾಗಿ ಎದ್ದು ನಿಂತವು: ಭಾರದ ಎರಡು, ಹಗುರದ ಮೂರು, ದೀರ್ಘವಾದ ಒಂದು. ಕುಣಿಯಲೆಂದು ಎತ್ತಿದ ಕಾಲುಗಳು ಇಳಿದವು. ಅಮರನಾಥನ ಬೆರಳು ನಿಂತಿತು. ಕೋಣೆಯಲ್ಲಿ ಯಾರೂ ಬಾರಿಸದ ಗತ್ತೊಂದು ಗೋಡೆಯಿಂದ ಗೋಡೆಗೆ ನಡೆದುಹೋಗುತ್ತಿತ್ತು. ತಾನು ಮಾಡಿದ್ದೇನೆಂಬುದು ಮೆಹಬೂಬನಿಗೂ ತಿಳಿದಿರಬೇಕು. ಆದರೆ ನಡುವೆ ನಿಲ್ಲಿಸುವುದು ಅವನಿಂದಾಗಲಿಲ್ಲ.

ಸೂರ್ಯಕಾಂತ ಕುರ್ಚಿಯಿಂದ ಏಳಲಿಲ್ಲ. ಕೈಗಳೆರಡನ್ನೂ ಕಂಕುಳಲ್ಲಿ ಅದುಮಿ, ತಲೆ ತಗ್ಗಿಸಿ ಕೊನೆಯವರೆಗೂ ಕುಳಿತಿದ್ದರು.

ಜನ ಚದುರಿದ ಮೇಲೆ, ಟೆಂಪೊದ ಬಳಿ ಅವರು ಮಗಳೆದುರು ಬಂದು ನಿಂತರು.

“ಗದ್ದಲ ಭಾಳಾತು,” ಎಂದರು. ಆಮೇಲೆ, “ಕೊನೀದಕ್ಕ ನೀ ಸುಮ್ನ ಕೂತಿದ್ದಿ,” ಎಂದರು.

“ಹೌದಪ್ಪಾ.”

“ಸಣ್ಣಾಂವ ಇದ್ದಾಗ ಹಲಗಿ ಬೆಂಕಿಗಿ ಕಾಸಾಕ ಜ್ವಾಳದ ಕಣಿಕಿ ಹೊತಗೊಂಡು ನಮ್ಮಪ್ಪನ ಬೆನ್ನಹಿಂದೇ ಅಡ್ಡಾಡೀನಿ ನಾ. ನೀ ಸುಮ್ನ ಕೂತ್ರೂ ನನಗ ಕೇಳಸ್ತು.”

“ಅಪ್ಪಾ, ನನಗ ಗೊತ್ತೇ ಇರಲಿಲ್ಲ. ಆಯಿ ಹೇಳಿದ್ಲು, ಮುತ್ಯಾ ನನ್ನ...”

“ಬ್ಯಾಡ,” ಎಂದು ಅವರು ಕೈಯೆತ್ತಿದರು. “ಆ ಗತ್ತ ನಿನ್ನ ಕೈಗಿ ಯಾರಿಂದ ಬರ್ತದ ಅನ್ನೂದು ನನಗ ತಿಳಿಯಂಗಿಲ್ಲೇನು?” ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಭೂಸನೂರಿನ ಕಡೆಗೆ ಹಾದುಹೋಯಿತು. “ನಾಳಿಗಿ ಎಲ್ಲಿ?” ಎಂದರು.

“ಸೊಲ್ಲಾಪುರ.”

“ಅಲ್ಲಿ ಬಾರಸ್ತಿಯೇನು?”

“ಇಲ್ಲ. ಎಲ್ಲೂ ಬಾರಸಂಗಿಲ್ಲ. ಆದ್ರ ಹಾಡು ಬಿಡಾಕ ಆಗಂಗಿಲ್ಲಪ್ಪಾ. ಹಿಂಗೇ, ಸುಮ್ನ ಕೂಡ್ತೇನಿ.”

ಸೂರ್ಯಕಾಂತ ಟೆಂಪೊದಲ್ಲಿದ್ದ ಡ್ರಮ್ಮಿನ ಚೀಲದ ಮೇಲೆ ಅಂಗೈಯಿಟ್ಟರು.

“ಸುಮ್ನ ಕೂಡಾಕ ನಿಮ್ಮ ಮುತ್ಯಾಗ ಭಾಳ ತ್ರಾಸಾತು,” ಎಂದರು. “ನಿನಗೂ ಆಗ್ತದ.”

ಬೇಡವೆಂದು ಅವರು ಹೇಳಲಿಲ್ಲ. ಬಸ್ ನಿಲ್ದಾಣದ ಕಡೆಗೆ ನಾಲ್ಕು ಹೆಜ್ಜೆ ನಡೆದವರು, ಗಾಡಿಯ ಮರೆಯಲ್ಲಿ ಗಿಟಾರಿನ ತಂತಿಗಳನ್ನು ಒರೆಸುವ ನೆಪದಲ್ಲಿ ನಿಂತಿದ್ದ ಮೆಹಬೂಬನ ಮುಂದೆ ತಡೆದರು.

“ತಮ್ಮಾ, ನೀ ಭಾಳ ಜೋರ ಹೋಗ್ತಿ. ಹೆಗಲ ಕೊಟ್ಟವ್ರು ಅಷ್ಟು ಜೋರ ನಡಿಯಂಗಿಲ್ಲ.”

“ಹೌದ್ರಿ ಕಾಕಾ,” ಎಂದ ಮೆಹಬೂಬ. ಅವನು ನಗಲಿಲ್ಲ.

ಎರಡು ನಿಮಿಷದ ಆ ಹಾಡು ಸೊಲ್ಲಾಪುರದ ಗೋದಾಮಿನಲ್ಲಿ ಐದು ನಿಮಿಷ ನಡೆಯಿತು. ಕುಣಿಯಲು ಬಂದವರಾರೂ ಕುಣಿಯಲಿಲ್ಲ; ಹೊರಗೆ ಹೋಗಲೂ ಇಲ್ಲ.