ಹಳೇ ಇಂಜೆಕ್ಟರ್ ನನ್ನ ಬ್ಯಾಗಿನಲ್ಲಿತ್ತು

ಕಳೆದ ಸೋಮವಾರದಿಂದ ಮಂಗಳವಾರ ಸಂಜೆಯವರೆಗೆ ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಕನ್ನಡಕ, ಮಾತ್ರೆ, ಹಳೇ ಬಸ್ ಟಿಕೆಟ್‌ಗಳ ಜೊತೆಗೆ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ, ಲಾರಿಯ ಇಂಜೆಕ್ಟರ್ ಒಂದಿತ್ತು. ಪೇಪರಿನಲ್ಲಿ ಸುತ್ತಿ ಎರಡು ಕವರ್ ಹಾಕಿದ್ದರೂ ಬ್ಯಾಗೆಲ್ಲ ಡೀಸೆಲ್ ವಾಸನೆ.

ಲಾರಿ ನನ್ನದಲ್ಲ. ಉಡಿಗಾಲದಲ್ಲಿರುವ ನನ್ನ ತಮ್ಮ ಮಹೇಶನದು. ಕೇರಳಕ್ಕೆ ತರಕಾರಿ ಲೋಡ್ ಹೊಡೆಯುತ್ತಾನೆ. ಇಂಜೆಕ್ಟರ್ ಕೆಟ್ಟಿತು ಅಂತ ಲಾರಿಯನ್ನು ಗುಂಡ್ಲುಪೇಟೆಯ ಮೆಕ್ಯಾನಿಕ್ ಸಿದ್ದರಾಜು ಅವರ ಶೆಡ್ಡಿನಲ್ಲಿ ಬಿಟ್ಟ. ಅವನು ಲೈಸೆನ್ಸ್ ರಿನ್ಯೂವಲ್‌ಗೆ ಚಾಮರಾಜನಗರಕ್ಕೆ ಹೋಗಬೇಕಿತ್ತು. ನೀನು ಗುಂಡ್ಲುಪೇಟೆಯಲ್ಲೇ ಇದ್ದೀಯಲ್ಲ ಅಕ್ಕ? ಸ್ವಲ್ಪ ಹೊತ್ತು ಶೆಡ್ಡಿನಲ್ಲಿ ಸುಮ್ಮನೆ ಕೂತಿರು ಅಂದ.

ನಾನು ಸುಮ್ಮನೆ ಕೂರುವ ಪೈಕಿಯೇ?

ಹಳೇ ಪಾರ್ಟ್ ವಾಪಸ್ ಕೇಳುವುದು ನಮ್ಮ ಕಡೆಯ ಪದ್ಧತಿ. ಹೊಸದು ಹಾಕಿದ್ದಾರೆ ಅನ್ನುವುದಕ್ಕೆ ಅದೇ ಸಾಕ್ಷಿ. (ಮಿಕ್ಸಿ ರಿಪೇರಿಗೆ ಕೊಟ್ಟರೂ ನಾನು ಬಿಟ್ಟವಳಲ್ಲ.) ಸಿದ್ದರಾಜು ಹಳೇ ಇಂಜೆಕ್ಟರ್ ಹೊರಗೆಳೆದ ತಕ್ಷಣ ಕೈಚಾಚಿ ಈಸಿಕೊಂಡೆ. ಒಂದು ನಿಮಿಷ ನೋಡಿ ಕೊಡುತ್ತೇನೆ ಅಂದರು. ಆ ಒಂದು ನಿಮಿಷದಲ್ಲಿ ಬದಲಾಯಿಸಿಬಿಟ್ಟರೆ? ಕೊಡಲಿಲ್ಲ.

ಮಾರನೇ ದಿನ ಮಧ್ಯಾಹ್ನ ಮೂರಕ್ಕೆ ಮಹೇಶನ ಫೋನ್. ಬೇಗೂರಿನಲ್ಲಿ ಟೊಮ್ಯಾಟೊ ತುಂಬಿಕೊಂಡು ಹೊರಟಿದ್ದಾನೆ. ಖಾಲಿ ಗಾಡಿಯಲ್ಲಿ ಗೊತ್ತಾಗಿರಲಿಲ್ಲವಂತೆ, ಲೋಡ್ ಬಿದ್ದ ಮೇಲೆ ಇಂಜಿನ್ ಮಿಸ್ ಹೊಡೆದು ಮುಗ್ಗರಿಸುತ್ತಿದೆ. ಹೇಗೋ ಶೆಡ್ಡಿನವರೆಗೆ ತಂದಿದ್ದ. ನಾನು ಅಲ್ಲಿಗೆ ಓಡಿದೆ.

ಲಾರಿ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಸಿದ್ದರಾಜು ಒಂದೊಂದೇ ಇಂಜೆಕ್ಟರಿನ ಡೀಸೆಲ್ ಪೈಪಿನ ನಟ್ ಸಡಿಲಿಸಿ ಸದ್ದು ಕೇಳತೊಡಗಿದರು. ಕೆಲಸ ಮಾಡುವ ಸಿಲಿಂಡರ್ ಆದರೆ ಸಡಿಲಿಸಿದಾಗ ಇಂಜಿನ್ನಿನ ಸದ್ದು ಇನ್ನೂ ಕುಗ್ಗುತ್ತದೆ. ಒಂದು, ಎರಡು, ನಾಲ್ಕನೆಯದಕ್ಕೆ ಕುಗ್ಗಿತು. ಮೂರನೆಯದಕ್ಕೆ ಏನೂ ಆಗಲಿಲ್ಲ. ಅದೇ, ಹಿಂದಿನ ದಿನ ಹೊಸ ಇಂಜೆಕ್ಟರ್ ಹಾಕಿದ್ದು.

"ಡೂಪ್ಲಿಕೇಟ್ ಹಾಕಿದ್ದಾರೆ," ಅಂದೆ. ಮೆಲ್ಲಗೇನೂ ಅನ್ನಲಿಲ್ಲ.

ಅವರು ಹೊಸದನ್ನು ಬಿಚ್ಚಿ ಮೂಲೆಯ ಟೆಸ್ಟರಿಗೆ ಹಾಕಿ ಒತ್ತಿದರು. ಡೀಸೆಲ್ ಮಂಜಿನ ಹಾಗೆ ಚಿಮ್ಮಿತು. ಇಂಜೆಕ್ಟರ್ ಸರಿಯಿತ್ತು. ಹಾಗಾದರೆ ತೊಂದರೆ ಎಲ್ಲಿ? ಅದನ್ನೇ ಮತ್ತೆ ಕೂರಿಸಿದರು, ಪೈಪ್ ನೋಡಿದರು, ಅದರಲ್ಲಿ ಸಿಕ್ಕಿದ್ದ ಏರ್ ತೆಗೆದರು. ಅದೇ ನಡುಕ.

ಗಂಟೆ ಐದಾಯಿತು. ಕೇರಳದ ದಾರಿಯಲ್ಲಿರುವ ಬಂಡೀಪುರ ಕಾಡಿನ ಗೇಟ್ ಮುಚ್ಚುವುದು ಒಂಬತ್ತಕ್ಕೇ ಇರಬಹುದು, ಆದರೆ ಸಂಜೆಯಾದರೆ ಆನೆಗಳು ರಸ್ತೆಗೆ ಬರುತ್ತವೆ.

"ಮೂರ್ ಸಿಲಿಂಡರ್‌ನಲ್ಲೇ ಓಯ್ತೀನಿ ಬುಡಕ್ಕ, ಟೊಮ್ಯಾಟೊ ತಡಿಯಕಿಲ್ಲ," ಅಂದ ಮಹೇಶ.

ಕಾಡಿನ ನಡುವೆ ಗಾಡಿ ನಿಂತರೆ? ಅಲ್ಲಿ ನೆಟ್‌ವರ್ಕ್ ಇಲ್ಲ, ಇಳಿಯುವ ಹಾಗಿಲ್ಲ, ಒಬ್ಬನೇ ಬೇರೆ.

ಆಗ ಸಿದ್ದರಾಜು ಹಳೇ ಇಂಜೆಕ್ಟರ್ ಎಲ್ಲಿ ಅಂತ ನನ್ನನ್ನು ಕೇಳಿದರು. ಸಾಕ್ಷಿ ಅಳಿಸಲು ನೋಡುತ್ತಿದ್ದಾರೆ ಅನ್ನಿಸಿತು. ಮನೆಯಲ್ಲಿದೆ ಅಂದೆ. (ಬ್ಯಾಗ್ ತೊಡೆಯ ಮೇಲೇ ಇತ್ತು.)

ಅರ್ಧ ಗಂಟೆ ಹೋಯಿತು. ಮಹೇಶ ಟಾರ್ಪಾಲಿನ ಹಗ್ಗ ಬಿಗಿದು ಕ್ಯಾಬಿನ್ ಹತ್ತಿದ. ಹೇಳಿದರೆ ಕೇಳುವ ಆಸಾಮಿಯಲ್ಲ. ಇನ್ನು ನನ್ನಿಂದ ಆಗಲಿಲ್ಲ. ಬ್ಯಾಗಿನ ಜಿಪ್ ಎಳೆದು ಆ ಪೊಟ್ಟಣ ಸಿದ್ದರಾಜು ಕೈಗೆ ಕೊಟ್ಟೆ. ನಾಚಿಕೆಯಾಯಿತು.

ಅವರು ತುದಿಯನ್ನು ಒರೆಸಿ ಒಮ್ಮೆ ನೋಡಿದರು, ಅಷ್ಟೇ. ಇಂಜೆಕ್ಟರಿನ ಆ ತುದಿಯಲ್ಲಿ ಒಂದು ತಾಮ್ರದ ವಾಷರ್ ಇರುತ್ತದಂತೆ. ಇದರಲ್ಲಿ ಇರಲಿಲ್ಲ. ಹೊಸದನ್ನು ಮತ್ತೆ ಬಿಚ್ಚಿ, ಅದು ಕೂರುವ ಗುಂಡಿಯೊಳಗೆ ಟಾರ್ಚ್ ಬಿಟ್ಟು ಕೊಕ್ಕೆಯಲ್ಲಿ ಎಳೆದರು. ಹೊಸ ವಾಷರಿನ ಕೆಳಗೆ ಹಳೆಯದೂ ಕಚ್ಚಿಕೊಂಡು ಕೂತಿತ್ತು. ಎರಡರ ಮೇಲೆ ಕೂತ ಇಂಜೆಕ್ಟರ್ ಸರಿಯಾಗಿ ಇಳಿಯದೆ ಸಿಲಿಂಡರಿನ ಗಾಳಿ ಸೋರುತ್ತಿತ್ತು.

"ಬಿಚ್ಚಿದ್ ತಕ್ಷಣ ತುದಿ ನೋಡ್ತೀನಿ ಅಕ್ಕಾರೆ, ಇಪ್ಪತ್ ವರ್ಸದ ಅಭ್ಯಾಸ," ಅಂದರು. "ನೆನ್ನೆ ನೋಡ್ನಿಲ್ಲ. ತೆಪ್ಪು ನಂದೇ."

ನೀವು ನೋಡಲು ಬಿಡಲಿಲ್ಲ ಅಂತ ಅನ್ನಬಹುದಿತ್ತು. ಅನ್ನಲಿಲ್ಲ. ಅಂದಿದ್ದರೆ ನಾನು ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಒಂದೇ ವಾಷರ್ ಹಾಕಿ ಬಿಗಿದ ಮೇಲೆ ಇಂಜಿನ್ ನಡುಗಲಿಲ್ಲ. ಮಹೇಶ ಬೆಳಕಿರುವಾಗಲೇ ಹೊರಟ. ನಾನು ಮನೆಗೆ ಹೋಗದೆ ಶೆಡ್ಡಿನ ಬೆಂಚಿನ ಮೇಲೆ ಫೋನ್ ಹಿಡಿದು ಕೂತೆ. ಸಿದ್ದರಾಜು ಕೂಡ ಬಾಗಿಲು ಹಾಕದೆ, ತೊಳೆದ ಸ್ಪ್ಯಾನರ್‌ಗಳನ್ನೇ ಮತ್ತೆ ತೊಳೆಯುತ್ತಿದ್ದರು. ಕೊನೆಗೆ ಫೋನ್ ಬಂತು.

"ಕಾಡು ದಾಟ್ದೆ ಕಣಕ್ಕ."

ಟೈಲರ್ ಹತ್ತಿರ ಉಳಿದ ಬಟ್ಟೆ ಕೇಳುತ್ತೇವೆ. ಗಿರಣಿಯಲ್ಲಿ ಹಿಟ್ಟು ಬೀಳುವವರೆಗೂ ಕಣ್ಣು ಕೀಳುವುದಿಲ್ಲ. ಮೋಸ ಹೋದವರು ನಾವು, ಕೇಳುವುದು ತಪ್ಪು ಅನ್ನಲಾರೆ. ಆದರೂ ಒಂದು ಮಾತು ಅವತ್ತಿನಿಂದ ಕೊರೆಯುತ್ತಿದೆ. ತಮ್ಮನ ಜೀವವನ್ನೇ ಆ ಮನುಷ್ಯನ ಕೈಗೆ ಒಪ್ಪಿಸಿದ್ದ ನನಗೆ, ಒಂದು ಕೆಟ್ಟ ಇಂಜೆಕ್ಟರನ್ನು ಒಂದು ನಿಮಿಷ ಒಪ್ಪಿಸಲು ಯಾಕೆ ಧೈರ್ಯ ಬರಲಿಲ್ಲ?