ವಾಕ್ಯ ಸರಿ ಇತ್ತು

ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ‘ಎಸ್ಕೇಪ್’ ಎಂದು ಬರೆದು, ವಾಕ್ಯ ಮಾಡಿರಿ ಅಂದೆ. ಜೈಲಿನಿಂದ ಕಳ್ಳ, ಸಿಲಿಂಡರಿನಿಂದ ಗ್ಯಾಸು, ಹೋಮ್‌ವರ್ಕಿನಿಂದ ಗೆಳೆಯ, ಎಲ್ಲರೂ ಎಸ್ಕೇಪ್ ಆದರು. ಕೊನೆಗೆ ಹಿಂದಿನ ಬೆಂಚಿನ ಹುಡುಗಿ ಎದ್ದಳು.

“ಮದುವಿ ಬ್ಯಾಡಂತ ನಮ್ಮಕ್ಕ ಎಸ್ಕೇಪ್ ಆಗಾಕ ಹೊಂಟಿದ್ಳ್ರಿ ಸರ್. ನೀವ ನಮ್ಮಪ್ಪಗ ಫೋನ್ ಮಾಡಿದ್ರಿ.”

ನಿಜ. ಆ ಅಕ್ಕನೂ ನನ್ನ ವಿದ್ಯಾರ್ಥಿನಿಯೇ. ಹೋದ ವರ್ಷ ನಾಲತವಾಡದ ಬಸ್ ನಿಲ್ದಾಣದಲ್ಲಿ ಬ್ಯಾಗು ಹಿಡಿದು ಒಬ್ಬಳೇ ನಿಂತಿದ್ದಳು. ಎಲ್ಲಿಗೆ, ಯಾಕೆ ಎಂದು ಕೇಳದೆ, ಮಾಸ್ತರನ ಜವಾಬ್ದಾರಿ ಎಂದುಕೊಂಡು ಮನೆಗೆ ತಿಳಿಸಿಬಿಟ್ಟೆ. ಬಸ್ಸಿಗಿಂತ ಮೊದಲು ಅಪ್ಪನ ಬೈಕು ಬಂತು. ಮದುವೆಗೂ ಹೋಗಿ ಅಕ್ಕಿಕಾಳು ಹಾಕಿ, ಉಂಡು ಬಂದೆ.

“ವಾಕ್ಯ ಸರಿ ಐತಿ, ಕುಂಡ್ರವಾ” ಅಂದೆ. ಆಕೆ ನಿಂತೇ ಇದ್ದಳು. ಗಂಟೆ ಹೊಡೆದಾಗ ಎಲ್ಲರಿಗಿಂತ ಮೊದಲು ಕ್ಲಾಸಿನಿಂದ ಹೊರಬಿದ್ದವನು ನಾನು.