ಮಾಸ್ತರರ ಕಿವಿ ಮಷೀನು, ನನ್ನ ಪೆಟ್ರೋಲ್ ಬ್ರಷ್ಷು

ಸ್ವಲ್ಪ ಇರಿ, ಇವರನ್ನು ನೋಡದೆ ಪುಟ ಮಗುಚಬೇಡಿ. ಮೊದಲು ಅವರ ಎಡಗೈ ನೋಡಿ. ಎಂಟು ಟೈಪ್‌ರೈಟರುಗಳು ಸಾಲಾಗಿ ಕೂತಿದ್ದ ಉದ್ದನೆಯ ಟೇಬಲ್ಲಿನ ತುದಿಯಲ್ಲಿ ಆ ಅಂಗೈ ಚಪ್ಪಟೆಯಾಗಿ ಒರಗಿರುತ್ತಿತ್ತು, ಗಬ್ಬದ ಎಮ್ಮೆಯ ಹೊಟ್ಟೆ ಮುಟ್ಟಿ ಕರು ಮಿಸುಕುವುದನ್ನು ನೋಡುವವರ ಹಾಗೆ. ಉಗುರಿನ ಸಂದಿಯಲ್ಲಿ ರಿಬ್ಬನ್ನಿನ ಮಸಿ. ಕಣ್ಣು ಕಿಟಕಿಯ ಹೊರಗೆ. ಎಂಟು ಮಂದಿ ಒಟ್ಟಿಗೆ ಬಡಿಯುತ್ತಿರುವಾಗ ತಿರುಗಿಯೂ ನೋಡದೆ ಅನ್ನುತ್ತಿದ್ದರು:

"ನಾಕನೇ ಮಷೀನು, ನಿನ್ನ ಕಿರಿಬೆರಳು ಊಟಕ್ಕ ಹೋಗೈತೇನಪಾ?"

ನೋಡಿದರೆ ನಾಲ್ಕನೆಯವನು ಕಿರಿಬೆರಳಿನ ಕೆಲಸವನ್ನು ಉಂಗುರಬೆರಳಿನಿಂದ ಮಾಡುತ್ತಿರುತ್ತಿದ್ದ.

ನಮ್ಮ ಟೈಪಿಂಗ್ ಮಾಸ್ತರರಿಗೆ ಕಿವಿ ಕೇಳುತ್ತಿರಲಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಬಂದ ಜ್ವರವೋ, ಜ್ವರಕ್ಕೆ ಕೊಟ್ಟ ಔಷಧವೋ ಎರಡೂ ಕಿವಿಗಳನ್ನು ತಿಂದುಹಾಕಿತ್ತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಟಿಕೋಟಾದಿಂದ ದಿನಾ ಅಥಣಿ ರಸ್ತೆಯ ಬಸ್ಸು ಹಿಡಿದು ವಿಜಾಪುರಕ್ಕೆ ಬಂದು, ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ಒಂದು ಮಾಳಿಗೆ ಮೇಲೆ ಕ್ಲಾಸು ನಡೆಸುತ್ತಿದ್ದರು. ಸಾಲು ಮುಗಿಯುವಾಗ ಟೈಪ್‌ರೈಟರು ಒಂದು ಗಂಟೆ ಹೊಡೆಯುತ್ತದಲ್ಲ, ಅದನ್ನು ಅವರು ಕೇಳಿಯೇ ಇರಲಿಲ್ಲ, ಟೈಪಿಂಗ್ ಕಲಿತದ್ದೇ ಕಿವಿ ಹೋದ ಮೇಲೆ. ಹಾಗಾಗಿ ನಮಗೂ ಅಕ್ಷರ ಎಣಿಸಿಕೊಂಡೇ ಸಾಲು ಮುಗಿಸುವುದನ್ನು ಕಲಿಸಿದರು. "ಕಿವಿ ಇದ್ದಾಂವ ಗಂಟಿ ಕಾಯ್ತಾನ, ಕೈ ಇದ್ದಾಂವ ಮುಂದ ಹೋಗ್ತಾನ" ಎನ್ನುವುದು ಅವರ ಮಾತು.

ನಾನು ಆ ಮಾಳಿಗೆ ಹತ್ತಿದಾಗ ನನಗೆ ಹತ್ತೊಂಬತ್ತು. ಟೈಪಿಂಗಿಗಿಂತ ನನಗೆ ಮಷೀನು ಬಿಚ್ಚುವುದರ ಹುಚ್ಚು ಹೆಚ್ಚು. ರದ್ದಿ ಅಂಗಡಿಯಲ್ಲಿ ಸಿಕ್ಕ ಮರಾಠಿ ರೇಡಿಯೊ ರಿಪೇರಿ ಪುಸ್ತಕವೇ ನನ್ನ ಗುರು. ಅದರ ಮೊದಲಿನ ಹದಿನಾರು ಪುಟ ಹರಿದುಹೋಗಿದ್ದವು. ಮನೆಯ ರೇಡಿಯೊ ಮೂರು ಸಲ ನನ್ನ ಕೈಗೆ ಸಿಕ್ಕಿತ್ತು. "ಯವ್ವಾ, ಬಿಚ್ಚೂದು ಕಲ್ತಿ. ಜೋಡಸೂ ಪಾಠ ಯಾವ ಪುಟದಾಗ ಬರತೈತಿ?" ಎಂದು ಅಪ್ಪ ಕೇಳುತ್ತಿದ್ದರು.

ಅಂಥ ಹೊತ್ತಿನಲ್ಲಿ ಮಾಸ್ತರರಿಗೆ ಕಿವಿ ಮಷೀನು ಬಂತು. ಪುಣೆಯಲ್ಲಿ ನೌಕರಿಗಿದ್ದ ಹಳೆಯ ಶಿಷ್ಯನೊಬ್ಬ ಕರೆದುಕೊಂಡು ಹೋಗಿ ಮಾಡಿಸಿಕೊಟ್ಟಿದ್ದ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಬ್ಬಿ ಅಂಗಿಯ ಕಿಸೆಯಲ್ಲಿ. ಅದರಿಂದ ಒಂದು ತೆಳು ವಾಯರು ಮೇಲೆ ಹೋಗಿ, ಗುಂಡಿಯಂಥದ್ದಕ್ಕೆ ಸೇರುತ್ತಿತ್ತು. ಆ ಗುಂಡಿಗೆ ಸಿಕ್ಕಿಸಿದ ಗಾಜಿನಂಥ ತುಂಡು ಕಿವಿಯೊಳಗೆ ಕೂಡುತ್ತಿತ್ತು. "ಕಿವಿಯಾಗ ಹಿಟ್ಟಿನಂಥಾದ್ದು ತುಂಬಿ ಅಚ್ಚ ತಗದ್ರು. ನನ್ನ ಕಿವಿ ಒಳಗ ಹಿಂಗೈತಿ ಅಂತ ನನಗs ಗೊತ್ತಿರಲಿಲ್ಲ," ಎಂದು ತುಂಡನ್ನು ಬೆಳಕಿಗೆ ಹಿಡಿದು ತೋರಿಸಿದರು. ನಾನು ಕಣ್ಣು ಮಿಟುಕಿಸದೆ ನೋಡಿದೆ. ನನ್ನ ಪುಸ್ತಕದಲ್ಲಿ ಇಂಥದ್ದು ಇರಲೇ ಇಲ್ಲ.

ಮೊದಲ ದಿನ ಅದನ್ನು ಹಾಕಿಕೊಂಡು ಕ್ಲಾಸಿನಲ್ಲಿ ನಿಂತವರು ಅರ್ಧ ನಿಮಿಷದಲ್ಲಿ ಕಿತ್ತು ಕೈಯಲ್ಲಿ ಹಿಡಿದರು. "ಇಷ್ಟ ಗದ್ದಲದಾಗ ನೀವೆಲ್ಲಾ ಹೆಂಗ ಕಲತ್ರಿ?" ಎಂದು ನಮ್ಮನ್ನು ಹೊಸಬರಂತೆ ನೋಡಿದರು. ಎಲ್ಲರೂ ಹೋಗಿ ನಾನೊಬ್ಬಳೇ ಉಳಿದಾಗ ಅದನ್ನು ಮತ್ತೆ ಹಾಕಿಕೊಂಡು, ಒಂದು ಟೈಪ್‌ರೈಟರಿನ ಮುಂದೆ ಕೂತು, ಸಾಲು ಮುಗಿಯುವ ತನಕ ಹೊಡೆದು ಗಂಟೆ ಕೇಳಿದರು. ಮತ್ತೆ ಹೊಡೆದು ಮತ್ತೆ ಕೇಳಿದರು. "ಇಷ್ಟs ಏನಬೇ ಇದು? ನಾ ಏನೋ ದೊಡ್ಡದಿರತೈತಿ ಅಂತ ತಿಳದಿದ್ದೆ."

ಆದರೆ ಅವರು ಮಷೀನು ಮಾಡಿಸಿದ್ದು ಗಂಟೆ ಕೇಳುವುದಕ್ಕಲ್ಲ, ಶಾರ್ಟ್‌ಹ್ಯಾಂಡಿಗೆ. ಕಿವಿ ಹೋಗುವ ಮೊದಲು ಅದನ್ನು ಕಲಿತಿದ್ದರು, ಪರೀಕ್ಷೆ ಮಾತ್ರ ಕಟ್ಟಿರಲಿಲ್ಲ. ಒಬ್ಬರು ಓದುವುದನ್ನು ಕೇಳಿ ಬರೆಯುವ ಪರೀಕ್ಷೆ ಅದು. ಅದು ಪಾಸಾಗದೆ ಶಾರ್ಟ್‌ಹ್ಯಾಂಡ್ ಕ್ಲಾಸು ತೆರೆಯಲು ಒಪ್ಪಿಗೆ ಸಿಗುತ್ತಿರಲಿಲ್ಲ. ಅವರ ಹತ್ತಿರ ಟೈಪಿಂಗ್ ಮುಗಿಸಿದ ಹುಡುಗರು ಶಾರ್ಟ್‌ಹ್ಯಾಂಡಿಗೆ ಸೊಲ್ಲಾಪುರಕ್ಕೆ ಹೋಗುತ್ತಿದ್ದರು. ನಾವು ಹೆಣ್ಣುಮಕ್ಕಳು ಮೂವರಿದ್ದೆವು. ಬಬಲೇಶ್ವರದಿಂದ ಬರುತ್ತಿದ್ದವಳ ತಂದೆ, "ವಿಜಾಪುರ ತನಕ ಕಳಸೀನಿ. ಅದರ ಮುಂದ ಲಗ್ನ ಆಗಿ ಗಂಡನ ಕೂಡ ಹೋಗ್ಲಿ," ಎಂದು ಹೇಳಿಬಿಟ್ಟಿದ್ದರು. ನಮ್ಮ ಮನೆಯಲ್ಲೂ ಮಾತು ಅದೇ. ಮಾಸ್ತರರು ಪಾಸಾದರೆ ನಮಗೆ ದಾರಿ, ಇಲ್ಲದಿದ್ದರೆ ಇಲ್ಲ.

ದಿನಾ ಮಧ್ಯಾಹ್ನ ಕ್ಲಾಸು ಖಾಲಿಯಾದ ಮೇಲೆ ನಾನು ಹಳೆಯ ಇಂಗ್ಲಿಷ್ ಪೇಪರು ಓದಬೇಕು, ಅವರು ಬರೆಯಬೇಕು. ಒಂದೇ ಕರಾರು: ನಾನು ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. "ನಿನ್ನ ತುಟಿ ಕಂಡ್ರ ನಾ ಕಳವು ಮಾಡ್ತೀನಿ. ಇಪ್ಪತ್ತ ವರ್ಷದ ಚಟ, ಬಿಡೂದಿಲ್ಲ." ಗೋಡೆಗೆ ಓದುತ್ತ ಓದುತ್ತ ನನ್ನ ಇಂಗ್ಲಿಷೂ ಸುಧಾರಿಸಿತು. ಚಳಿಗಾಲದಲ್ಲಿ ನಿಮಿಷಕ್ಕೆ ಅರವತ್ತು ಪದಕ್ಕೆ ಉಸಿರು ಕಟ್ಟುತ್ತಿದ್ದವರು ಬೇಸಿಗೆಯ ಹೊತ್ತಿಗೆ ನೂರಕ್ಕೆ ಬಂದರು.

ಬೇಸಿಗೆಯೇ ತೊಂದರೆ ತಂದದ್ದು. ನಮ್ಮ ಬಿಸಿಲು ಗೊತ್ತಲ್ಲ. ಬಸ್ಸಿನ ಧೂಳು, ಬೆವರು, ಕಿವಿಯ ಗುಗ್ಗೆ ಎಲ್ಲ ಸೇರಿ ಆ ತುಂಡಿನ ತೂತು ಕಟ್ಟತೊಡಗಿತು. ಪರೀಕ್ಷೆಯ ಹಿಂದಿನ ದಿನ ಮಾಸ್ತರರು ಎರಡೆರಡು ಸಲ "ಜೋರ ಓದು" ಎಂದರು. ಆಮೇಲೆ ಊಟಕ್ಕೆ ಕೂತರು. ಊಟಕ್ಕೆ ಕೂಡುವಾಗ ಮಷೀನು ತೆಗೆದಿಡುವುದು ಅವರ ರೂಢಿ. ಕಟಕ ರೊಟ್ಟಿ ಅಗಿದರೆ ತಲೆಯೊಳಗೆ ಗಿರಣಿ ತಿರುಗಿದಂತಾಗುತ್ತದಂತೆ.

ಮಷೀನು ಟೇಬಲ್ಲಿನ ಮೇಲಿತ್ತು. ಅವರು ಬೆನ್ನು ತಿರುಗಿಸಿ ಉಣ್ಣುತ್ತಿದ್ದರು. ಟೈಪ್‌ರೈಟರಿನ ಅಕ್ಷರಗಳಲ್ಲಿ ಕಟ್ಟಿದ ಮಸಿಯನ್ನು ಪ್ರತಿ ಶನಿವಾರ ಪೆಟ್ರೋಲು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಒಂದು ಹನಿ ಮಷೀನೆಣ್ಣೆ ಬಿಡುವುದನ್ನು ನನಗೆ ಕಲಿಸಿದವರು ಅವರೇ. ಹೊಲಸು ಯಾವುದಾದರೇನು, ಮಷೀನು ಯಾವುದಾದರೇನು ಎಂದುಕೊಂಡೆ. ತುಂಡನ್ನೂ ಗುಂಡಿಯನ್ನೂ ಪೆಟ್ರೋಲಿನಿಂದ ಚೆನ್ನಾಗಿ ಉಜ್ಜಿ, ಗುಂಡಿಯ ತೂತಿಗೆ ಒಂದು ಹನಿ ಎಣ್ಣೆ ಬಿಟ್ಟೆ. ನನ್ನ ಕಿವಿಗೆ ಹಿಡಿದರೆ ಕರಕರ ಅಂದಿತು. ಒಣಗಿದರೆ ಸರಿಹೋಗುತ್ತದೆ ಅಂದುಕೊಂಡು ಒರೆಸಿ ಅಲ್ಲೇ ಇಟ್ಟೆ. ಸೆಲ್ಲು ಉಳಿಯಲಿ ಎಂದು ಮಾಸ್ತರರು ಅದನ್ನು ಹಾಕಿಕೊಳ್ಳದೆ ಕಿಸೆಯಲ್ಲಿಟ್ಟು ಬಸ್ಸಿಗೆ ಹೋದರು.

ಮರುದಿನ ಪರೀಕ್ಷೆ ಮುಗಿಸಿ ಸಂಜೆ ಕ್ಲಾಸಿಗೆ ಬಂದರು. ಹುಡುಗರು ಸುತ್ತುಗಟ್ಟಿದರು.

"ಏನಾತ್ರಿ ಸರ?"

"ಓದಾಕ ಬಂದ ಸಾಹೇಬ್ರಿಗಿ ಇಷ್ಟ ದಪ್ಪ ಮೀಸಿ. ತುಟೀನs ಕಾಣವಲ್ದು. ಮೀಸಿ ಅಲ್ಲಾಡೂದು ನೋಡಿ ಏನಂತ ಬರೀಲಿ?"

"ಕಿವಿ ಮಷೀನು ಹಾಕ್ಕೊಂಡಿರಲಿಲ್ಲೇನ್ರಿ?"

"ಅದಕ್ಕೂ ಇವತ್ತ ರಜಾ ಇತ್ತು," ಎಂದರು. ಎಲ್ಲರೂ ನಕ್ಕರು.

ಎಲ್ಲರೂ ಇಳಿದುಹೋದ ಮೇಲೆ ಅವರ ಮುಂದೆ ನಿಂತು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಪೆಟ್ರೋಲು, ಬ್ರಷ್ಷು, ಎಣ್ಣೆ, ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಕಾದೆ. ಅವರು ಮೆಲ್ಲಗೆ ಅಂದರು:

"ತಂಗೀ, ಮಾರಿ ಮ್ಯಾಲೆತ್ತಿ ಹೇಳು. ಏನೂ ಕೇಳಿಸಿಲ್ಲ."

ಒಂದೇ ತಪ್ಪನ್ನು ಎರಡು ಸಲ ಒಪ್ಪಿಕೊಳ್ಳಬೇಕಾಯಿತು. ಎರಡನೆಯ ಸಲ ಅವರ ಕಣ್ಣನ್ನೇ ನೋಡುತ್ತ, ಒಂದೊಂದು ಮಾತನ್ನೂ ತುಟಿಯಲ್ಲಿ ಬಿಡಿಸಿ ಹೇಳಬೇಕಾಯಿತು. ನನ್ನ ಕಣ್ಣೀರು ತುಟಿಗೆ ಇಳಿಯುತ್ತಿತ್ತು, ಅವರು ಅದನ್ನು ದಾಟಿ ಓದುತ್ತಿದ್ದರು.

"ಪೆಟ್ರೋಲ್ ವಾಸನಿ ಹಾಲ್‌ನ್ಯಾಗ ಕೂತಾಗs ಬಂದಿತ್ತು," ಎಂದರು. "ನೀನs ಅಂತ ಗೊತ್ತಾತು. ಈ ಮಾಳಗಿ ಮ್ಯಾಲ ಇಷ್ಟ ಸ್ವಚ್ಛ ತಿಕ್ಕಾಕಿ ಮತ್ಯಾರದಾರ? ಕೂಡು ಇಲ್ಲಿ. ಪುಣೇದವರಿಗಿ ಪತ್ರ ಹೊಡಿ. ನೀ ಏನೇನ ಮಾಡಿದಿ, ಇದ್ದದ್ದು ಇದ್ದಂಗ. ಈ ವಸ್ತು ಹೆಂಗ ಇಟ್ಕೋಬೇಕು ಅಂತ ಕೇಳು. ಒಂದ ಅಕ್ಷರ ತಪ್ಪಿದ್ರ ಹೊಸಾ ಹಾಳಿ."

ಆರು ಹಾಳೆ ಹಾಳಾದವು. ಏಳನೆಯದು ಅಂಚೆಗೆ ಹೋಯಿತು.

ಉತ್ತರ ಬಂತು. ಒಳಗಿನ ತುಂಡನ್ನು ಗುಂಡಿಯಿಂದ ಬಿಡಿಸಿ, ತುಂಡನ್ನು ಮಾತ್ರ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆಯಬೇಕಂತೆ, ತೂತಿನ ನೀರನ್ನು ಊದಿ ತೆಗೆದು ಪೂರ್ತಿ ಒಣಗಿದ ಮೇಲೆಯೇ ಜೋಡಿಸಬೇಕಂತೆ. ಗುಂಡಿಗೆ ನೀರೂ ಎಣ್ಣೆಯೂ ತಾಗಬಾರದು. ಹಾಕಿಕೊಳ್ಳದಾಗ ಸೆಲ್ಲು ತೆಗೆದಿಡಬೇಕು. ವಾಯರು ಮಡಚಬಾರದು. ಕೊನೆಗೆ ಯಾರೋ ಕೈಯಲ್ಲಿ ಬರೆದಿದ್ದರು: ಪೆಟ್ರೋಲು ಹಾಕಿದವರ ಪತ್ರ ನಮಗೆ ಇದೇ ಮೊದಲು. ಮಾಸ್ತರರು ಅದನ್ನು ಎರಡು ಸಲ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಂದು ತಿಂಗಳ ಮೇಲೆ ಹೊಸ ಗುಂಡಿ, ಹೊಸ ತುಂಡಿನ ಪಾರ್ಸಲು ಬಂತು. ಅವರು ಅದನ್ನು ಒಡೆಯಲಿಲ್ಲ, ತಂದು ನನ್ನ ಕೈಗೆ ಕೊಟ್ಟರು.

"ನಾ ಒಲ್ಲೆರಿ ಸರ. ಮತ್ತ ಕೆಟ್ರ?"

"ಕೆಡಸೂದು ಹೆಂಗ ಅಂತ ಗೊತ್ತಿದ್ದಾಕಿ ನೀ ಒಬ್ಬಾಕಿನs. ಇನ್ಯಾರ ಕೈಯಾಗ ಕೊಡ್ಲಿ?"

ಅಂದಿನಿಂದ ದಿನಾ ಅವರ ಊಟದ ಹೊತ್ತಿನಲ್ಲಿ ಅದನ್ನು ಬಿಡಿಸಿ, ತೊಳೆದು, ಊದಿ, ಒಣಗಿಸಿ ಜೋಡಿಸಿದೆ. ಊಟ ಮುಗಿದ ಮೇಲೆ ಗೋಡೆಗೆ ಮುಖ ಮಾಡಿ ಓದಿದೆ. ಮುಂದಿನ ಪರೀಕ್ಷೆಯಲ್ಲಿ ಮಾಸ್ತರರು ಪಾಸಾದರು. ಓದಿದವರಿಗೆ ಮೀಸೆ ಇತ್ತೋ ಇಲ್ಲವೋ ನೋಡಲಿಲ್ಲವಂತೆ, ತಲೆ ಎತ್ತುವ ಪ್ರಸಂಗವೇ ಬರಲಿಲ್ಲವಂತೆ. ಶಾರ್ಟ್‌ಹ್ಯಾಂಡ್ ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂತವರು ನಾವು ಮೂವರು.

ಹೋದ ವರ್ಷ ಟಿಕೋಟಾದ ಮನೆಯಲ್ಲಿ ಅವರು ತೀರಿಕೊಂಡರು, ಎದೆನೋವು. ಬಬಲೇಶ್ವರದವಳು ಈಗ ಕೋರ್ಟಿನಲ್ಲಿ ಸ್ಟೆನೊ. ನಾನು ಇನ್ನೊಂದು ಕಚೇರಿಯಲ್ಲಿ. ಇದನ್ನು ಹೊಡೆಯುತ್ತಿರುವುದು ಅಲ್ಲಿನ ಮಷೀನಿನ ಮೇಲೆಯೇ, ಊಟದ ಬಿಡುವಿನಲ್ಲಿ. ಪಕ್ಕದವರು ಏನು ಇಷ್ಟು ಅವಸರ ಅಂತ ಕೇಳುತ್ತಿದ್ದಾರೆ.

ನಿಮ್ಮ ಮನೆಯಲ್ಲೂ ಯಾರಾದರೂ ಕಿವಿ ಮಷೀನು ಹಾಕಿಕೊಳ್ಳುತ್ತಿರಬಹುದು. ಅದನ್ನು ಹೇಗೆ ಇಟ್ಟುಕೊಂಡಿದ್ದೀರಿ, ಯಾವುದರಿಂದ ಒರೆಸಿದಿರಿ, ಏನು ಮಾಡಿ ಕೆಡಿಸಿದಿರಿ, ಕೆಡಿಸಿದ ಮೇಲೂ ಅದನ್ನು ತಿರುಗಿ ನಿಮ್ಮ ಕೈಗೇ ಕೊಟ್ಟವರು ಯಾರು, ಬರೆದು ತಿಳಿಸಿ. ಒಂದೆರಡು ಅಕ್ಷರ ತಪ್ಪಿದರೂ ಹೊಸ ಹಾಳೆ ಬೇಡ, ಹಾಗೆಯೇ ಕಳಿಸಿ.